ಕರುವಿನ ಕೊಟ್ಟಿಗೆಯ ಚಿಗಟ: ಮೈಗಿಂತ ಮೊದಲು ನೆಲಕ್ಕೆ ಮದ್ದು



ಕರು ಹಾಲು ಕುಡಿಯುತ್ತದೆ, ಆದರೆ ಮೈ ಹಿಡಿಯುವುದಿಲ್ಲ. ಕೂದಲು ಒರಟಾಗಿದೆ. ರಾತ್ರಿಯೆಲ್ಲ ಕಾಲು ಝಾಡಿಸುತ್ತದೆ, ಗೂಟಕ್ಕೂ ಗೋಡೆಗೂ ಮೈ ಉಜ್ಜುತ್ತದೆ. ಬೆಳಿಗ್ಗೆ ಹಾಲು ಕರೆಯಲು ಕುಳಿತ ಮನೆಯಾಕೆಯ ಪಾದದ ಮೇಲೂ ಕೆಂಪು ಗುಳ್ಳೆಗಳು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಹಸು, ಕರು, ಮೇಕೆ, ನಾಯಿ ಒಂದೇ ಸೂರಿನಡಿ ಮಲಗುವ ಮನೆಗಳು ಉಂಟು. ಅಂಥ ಕಡೆ ಮೊದಲು ಅನುಮಾನ ಪಡಬೇಕಾದದ್ದು ಚಿಗಟದ ಮೇಲೆ.

ದೊಡ್ಡ ಹಸುವಿಗೆ ಚಿಗಟ ಒಂದು ಕಿರುಕುಳ. ಎಳೆಗರುವಿಗೆ, ಮೇಕೆಮರಿಗೆ ಹಾಗಲ್ಲ. ನೂರಾರು ಚಿಗಟಗಳು ದಿನವೂ ರಕ್ತ ಹೀರಿದರೆ ಎಳೆಯ ಮೈ ಆ ನಷ್ಟವನ್ನು ತುಂಬಿಕೊಳ್ಳಲಾರದು. ರಕ್ತಹೀನತೆಯಿಂದ ಸೊರಗುತ್ತದೆ, ಸಾಯಲೂಬಹುದು. ಇಂದಿನ ಹೆಣ್ಣುಗರುವೇ ನಾಳೆ ಡೇರಿಗೆ ಹಾಲು ಕೊಡುವ ಹಸು ಎಂಬುದನ್ನು ಮರೆಯಬಾರದು.

ಚಿಗಟವೋ, ಉಣ್ಣೆಯೋ?

ಉಣ್ಣೆ ಕಚ್ಚಿದ ಜಾಗದಲ್ಲೇ ಅಂಟಿಕೊಂಡು, ರಕ್ತ ಕುಡಿದು ಕಾಳಿನಂತೆ ಊದುತ್ತದೆ. ಚಿಗಟ ಊದುವುದಿಲ್ಲ, ನಿಲ್ಲುವುದೂ ಇಲ್ಲ. ಕಂದು ಬಣ್ಣ, ಎರಡೂ ಪಕ್ಕದಿಂದ ಒತ್ತಿದಂಥ ಚಪ್ಪಟೆ ಮೈ. ಹಿಡಿಯಹೋದರೆ ಜಿಗಿದುಬಿಡುತ್ತದೆ.

ಕಣ್ಣಿಗೆ ಬೀಳದಿದ್ದರೆ ಹೀಗೆ ಮಾಡಿ. ಹೇನು ತೆಗೆಯುವ ಬಾಚಣಿಗೆಯಿಂದ ಕರುವಿನ ಕುತ್ತಿಗೆ ಮತ್ತು ಹೊಟ್ಟೆಯ ಭಾಗವನ್ನು ಬಾಚಿ, ಉದುರಿದ್ದನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ. ಕರಿ ಪುಡಿಯ ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಆ ಕೆಂಪು ನಿಮ್ಮ ಕರುವಿನದೇ ರಕ್ತ. ಬಣ್ಣ ಬಿಡದಿದ್ದರೆ ಬರೀ ಧೂಳು.

ರೇಷ್ಮೆ ಹುಳು ಸಾಕಿದವರಿಗೆ ತಿಳಿದ ಪಾಠ

ಮೊಟ್ಟೆ, ಹುಳು, ಗೂಡು, ಚಿಟ್ಟೆ: ರೇಷ್ಮೆಯ ಈ ನಾಲ್ಕು ಅವಸ್ಥೆಗಳನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಚಿಗಟದ ಬಾಳೂ ಹೀಗೆಯೇ. ಹೆಣ್ಣು ಚಿಗಟ ರಕ್ತ ಕುಡಿದು ದಿನಕ್ಕೆ 20ರಿಂದ 50 ಮೊಟ್ಟೆ ಇಡುತ್ತದೆ. ಮೊಟ್ಟೆಗಳು ರಾಸಿನ ಮೈಮೇಲೆ ನಿಲ್ಲದೆ ಅದು ಮಲಗುವ ಜಾಗಕ್ಕೆ ಉದುರುತ್ತವೆ. ಕೆಲವೇ ದಿನಗಳಲ್ಲಿ ಬಿಳಿಯ ಸಣ್ಣ ಹುಳುಗಳು ಹೊರಬಂದು, ಬೆಳಕಿಗೆ ಹೆದರಿ ನೆಲದ ಬಿರುಕು, ಧೂಳು, ಹಳೆ ಹುಲ್ಲಿನಡಿ ಸೇರುತ್ತವೆ. ಉದುರಿದ ಹಿಕ್ಕೆಯೇ ಅವುಗಳ ಮುಖ್ಯ ಆಹಾರ. ಬಲಿತ ಮೇಲೆ ಗೂಡು ಕಟ್ಟುತ್ತವೆ; ಧೂಳು ಮೆತ್ತಿದ ಆ ಗೂಡು ಕಣ್ಣಿಗೆ ಕಾಣದು.

ಗೂಡಿನೊಳಗಿನ ಚಿಗಟಕ್ಕೆ ಯಾವ ಔಷಧಿಯೂ ಸುಲಭವಾಗಿ ತಟ್ಟುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದಿದ್ದು, ನೆಲ ಅದುರಿದಾಗ, ಮೈಬಿಸಿ, ಉಸಿರು ತಾಗಿದಾಗ ಹೊರಬರುತ್ತದೆ. ಕಾಡಂಚಿನ ದೊಡ್ಡಿಯನ್ನೋ ಹಳೆ ಕೊಟ್ಟಿಗೆಯನ್ನೋ ಕೆಲಕಾಲ ಖಾಲಿ ಬಿಟ್ಟು ಮತ್ತೆ ಕಾಲಿಟ್ಟೊಡನೆ ಚಿಗಟಗಳು ಮುತ್ತುವುದು ಇದಕ್ಕಾಗಿಯೇ.

ಆದ್ದರಿಂದ ನೀವು ರಾಸಿನ ಮೈಮೇಲೆ ಕಾಣುವ ಚಿಗಟ ಒಂದು ಸಣ್ಣ ಪಾಲು. ದೊಡ್ಡ ಪಾಲು ನೆಲದಲ್ಲಿದೆ. ಕರುವಿಗೆ ಮಾತ್ರ ಮದ್ದು ಹಚ್ಚಿ ನೆಲವನ್ನು ಬಿಟ್ಟರೆ ತೂತು ಬಿಂದಿಗೆಯಲ್ಲಿ ನೀರು ಸೇದಿದಂತೆ.

ಮನೆಯಲ್ಲೇ ಮಾಡಬಹುದಾದ ಕೆಲಸಗಳು

1. ಗುಡಿಸುವುದು: ಕರುವಿನ ಮೂಲೆ, ಮೇಕೆ ಕಟ್ಟುವ ಜಾಗ, ನಾಯಿ ಮಲಗುವ ಜಾಗಗಳನ್ನು ದಿನವೂ ಗೋಡೆಯ ಬುಡದವರೆಗೆ ಗುಡಿಸಿ. ಕಸವನ್ನು ಕೊಟ್ಟಿಗೆಯ ಬಾಗಿಲಲ್ಲೇ ರಾಶಿ ಹಾಕದೆ, ತಿಪ್ಪೆಯ ನಡುವೆ ಹೂತುಬಿಡಿ; ಅಲ್ಲಿನ ಕಾವಿಗೆ ಮೊಟ್ಟೆ, ಹುಳು ಸಾಯುತ್ತವೆ. ಮಣ್ಣಿನ ನೆಲದ ಬಿರುಕುಗಳಿಗೆ ಮಣ್ಣು ತುಂಬಿ ಗಟ್ಟಿಸಿ.

2. ಬಿಸಿಲು: ಚಿಗಟದ ಹುಳು ಬಿಸಿಲನ್ನೂ ಒಣಗನ್ನೂ ತಡೆಯದು. ಹಾಸಿದ ಗೋಣಿಚೀಲಗಳನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ಒದ್ದೆ ಹುಲ್ಲನ್ನು ಆಗಾಗ ಬದಲಿಸಿ. ಕೊಟ್ಟಿಗೆಯ ಹೆಂಚು ಒಂದೆರಡು ತೆಗೆದು ಗಾಜಿನ ಹೆಂಚು ಹಾಕಿದರೆ ಬೆಳಕು ಬಂದು ನೆಲ ಒಣಗುತ್ತದೆ.

3. ಸುಣ್ಣ: ರಾಸುಗಳನ್ನು ಹೊರಗೆ ಕಟ್ಟಿ, ಒಣ ನೆಲಕ್ಕೆ ಅರಳಿದ ಸುಣ್ಣದ ಪುಡಿ ತೆಳುವಾಗಿ ಎರಚಿ, ಒಂದು ದಿನ ಬಿಟ್ಟು ಪೂರ್ತಿ ಗುಡಿಸಿ. ಸುಣ್ಣ ನೆಲದ ತೇವವನ್ನು ಹೀರುತ್ತದೆ. ಕಣ್ಣು, ಕೆಚ್ಚಲು, ಬಾಯಿಗೆ ತಾಗಿದರೆ ಸುಡುತ್ತದೆ. ಆದ್ದರಿಂದ ಗುಡಿಸದೆ ರಾಸು ಕಟ್ಟಬೇಡಿ.

4. ಸಾಬೂನು ನೀರು: ಬಿಸಿಲೇರಿದ ಮೇಲೆ ಮೊದಲು ಕರುವಿನ ಕುತ್ತಿಗೆಯ ಸುತ್ತ ನೊರೆ ಕಟ್ಟಿ, ಚಿಗಟ ತಲೆಗೆ ಓಡದಂತೆ ತಡೆದು, ಆಮೇಲೆ ಮೈ ತೊಳೆಯಿರಿ. ಐದು ನಿಮಿಷ ಬಿಟ್ಟು ಬಾಚಿ, ಬಾಚಣಿಗೆಯನ್ನು ಸಾಬೂನು ನೀರಿಗೆ ಅದ್ದಿ. ಸಾಬೂನು ನೀರಿನಲ್ಲಿ ಚಿಗಟ ತೇಲಲಾರದೆ ಮುಳುಗುತ್ತದೆ. ಚೆನ್ನಾಗಿ ತೊಳೆದು ಮೈ ಒರೆಸಿ. ನಿತ್ರಾಣವಾದ ಕರುವಿಗೆ ಸ್ನಾನ ಬೇಡ, ಬಾಚಿದರೆ ಸಾಕು.

5. ಬೇವಿನ ಬೀಜ: ಜೂನ್, ಜುಲೈನಲ್ಲಿ ಉದುರುವ ಬೇವಿನ ಹಣ್ಣನ್ನು ಆಯ್ದು ಬೀಜ ಒಣಗಿಸಿಡಿ. 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸಾಬೂನು ಪುಡಿ ಕದಡಿ, ವಾರಕ್ಕೊಮ್ಮೆ ನೆಲದ ಅಂಚಿಗೆ ಸಂಜೆ ಸಿಂಪಡಿಸಿ. ಬೇವು ತಕ್ಷಣ ಕೊಲ್ಲುವ ಮದ್ದಲ್ಲ. ಹುಳು ಬಲಿಯದಂತೆ ತಡೆಯುತ್ತದೆ.

6. ನಾಯಿ, ಬೆಕ್ಕು: ಚಿಗಟದ ತವರು ಇವೇ. ಕರುವಿಗೆ ಮಾಡುವ ದಿನವೇ ನಾಯಿಗೂ ಸ್ನಾನ, ಬಾಚಣಿಗೆ ಆಗಬೇಕು. ನಾಯಿಯ ಲಾಡಿಹುಳುವಿನ ಒಂದು ಜಾತಿ ಚಿಗಟದ ಮೂಲಕವೇ ಹರಡುತ್ತದೆ. ನಾಯಿಯೊಡನೆ ಆಡುವ ಮಕ್ಕಳಿಗೂ ತಗುಲಬಹುದು.

ಈ ಕೆಲಸ ಒಂದು ದಿನದ್ದಲ್ಲ. ಗೂಡಿನೊಳಗಿರುವವು ಒಂದೊಂದಾಗಿ ಹೊರಬರುವುದರಿಂದ ಆರು ವಾರ ಬಿಡದೆ ಮಾಡಬೇಕು. ಎರಡನೇ ವಾರ ಚಿಗಟ ಮತ್ತೆ ಕಂಡರೆ ಮದ್ದು ಸೋತಿತೆಂದು ಕೈಬಿಡಬೇಡಿ.

ಇವನ್ನು ಮಾಡಲೇಬೇಡಿ

ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಹಚ್ಚಬೇಡಿ. ಚರ್ಮ ಸುಡುತ್ತದೆ, ಕರು ನೆಕ್ಕುತ್ತದೆ. ಹೊಗೆಸೊಪ್ಪಿನ ಕಷಾಯ ನಾಟಿ ಮದ್ದಾದರೂ ವಿಷವೇ. ಚರ್ಮದ ಮೂಲಕ ಒಳಸೇರಿ ಎಳೆಗರುವನ್ನು ಕೊಲ್ಲಬಲ್ಲದು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ರಾಸಿನ ಮೈಗೆ ಎಂದೂ ಹಾಕಬೇಡಿ; ರಾಸಿಗೂ ವಿಷ, ಹಾಲಿಗೂ ವಿಷ.

ಹುಳು ಮನೆ ಇರುವವರು ಗಮನಿಸಿ

ಚಿಗಟವೂ ಕೀಟ, ರೇಷ್ಮೆ ಹುಳುವೂ ಕೀಟ. ಒಂದನ್ನು ಕೊಲ್ಲುವ ಔಷಧಿ ಇನ್ನೊಂದನ್ನು ಬಿಡದು. ಬೇವು, ಹೊಗೆಸೊಪ್ಪು ಸಹ ರೇಷ್ಮೆ ಹುಳುವಿಗೆ ಆಗದು. ಕೊಟ್ಟಿಗೆಗೆ ಏನಾದರೂ ಸಿಂಪಡಿಸುವುದಿದ್ದರೆ ಬೆಳೆ ಮುಗಿದು ಹುಳು ಮನೆ ಖಾಲಿ ಇರುವಾಗ ಮಾಡಿ. ಸಿಂಪಡಿಸಿದ ಬಟ್ಟೆಯಲ್ಲೇ ಹುಳು ಮನೆಗೆ ಹೋಗಬೇಡಿ, ಆ ಕೈಯಲ್ಲಿ ಸೊಪ್ಪು ಮುಟ್ಟಬೇಡಿ. ಹುಳು ತಟ್ಟೆಯಲ್ಲಿರುವಾಗ ಪೊರಕೆ, ಬಿಸಿಲು, ಬಿಸಿನೀರು, ಬಾಚಣಿಗೆ ಇವೇ ನಿಮ್ಮ ಮದ್ದು; ಇವುಗಳಿಂದ ಹುಳುವಿಗೆ ತೊಂದರೆ ಇಲ್ಲ.

ವೈದ್ಯರನ್ನು ಯಾವಾಗ ಕರೆಯಬೇಕು?

ಕರುವಿನ ಕೆಳರೆಪ್ಪೆಯನ್ನು ಎಳೆದು ನೋಡಿ, ವಸಡನ್ನೂ ನೋಡಿ. ತಿಳಿಗೆಂಪು ಬಣ್ಣ ಇರಬೇಕು. ಬಿಳಿಚಿಕೊಂಡಿದ್ದರೆ ಮನೆಮದ್ದಿಗೆ ಕಾಯಬೇಡಿ. ಅಂದೇ ಸಂಘದ ಕಾರ್ಯದರ್ಶಿಯವರ ಮೂಲಕ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿ. ಹೊಟ್ಟೆಹುಳುವಿನಿಂದಲೂ ಹೀಗಾಗುವುದುಂಟು, ಪರೀಕ್ಷೆ ಅಗತ್ಯ. ವೈದ್ಯರು ಔಷಧಿ ಕೊಟ್ಟರೆ ಎರಡು ಮಾತು ಕೇಳಿ: ಕರೆಯುವ ಹಸುವಿಗಾದರೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು? ಮನೆಯಲ್ಲಿ ರೇಷ್ಮೆ ಹುಳು ಇದೆ, ಯಾವ ಎಚ್ಚರ ಬೇಕು?

ಇನ್ನೊಂದು ಮಾತು. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗನ್ನು ಹರಡಿದ್ದು ಇಲಿಯ ಚಿಗಟ. ಕೊಟ್ಟಿಗೆಯಲ್ಲಿ ಕಾರಣವಿಲ್ಲದೆ ಇಲಿಗಳು ಒಂದರ ಹಿಂದೆ ಒಂದು ಸತ್ತು ಬಿದ್ದರೆ ಬರಿಗೈಯಲ್ಲಿ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪೊರಕೆಗೆ ಖರ್ಚಿಲ್ಲ, ಬಿಸಿಲಿಗೆ ಬೆಲೆಯಿಲ್ಲ. ನಾಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದೊಡನೆ ಕರುವಿನ ರೆಪ್ಪೆ ನೋಡಿ, ಕರುವಿನ ಮೂಲೆ ಗುಡಿಸಿ. ಕರು ಉಳಿದರೆ ಕೊಟ್ಟಿಗೆ ಉಳಿಯಿತು.