ಸೀಮೆಸುಣ್ಣದ ನೌಕೆ

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದ ಸುದ್ದಿ ಬಂದಾಗ ನಮ್ಮ ಪ್ರೌಢಶಾಲೆಯ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: "ಸರ, ಅದರೊಳಗ ಯಾರದಾರ್ರೀ?" ಯಾರೂ ಇಲ್ಲ ಎಂದಾಗ ಅವರ ಮುಖ ಬಾಡಿತು. ಹಾಗಾದರೆ ನಾವೇ ಹೋಗೋಣ ಎಂದೆ. ಆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ವರಾಂಡದ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ನೌಕೆ ಬರೆದೆವು. ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ನಾನು ಅಲ್ಲಿಂದೀಚೆಗೆ ಮೂರು ಕಾಲ್ಪನಿಕ ಯಾತ್ರೆ ಹೊರಡಿಸಿದ್ದೇನೆ. ಎರಡು ಅರ್ಧದಾರಿಯಲ್ಲೇ ನಿಂತವು, ಮೂರನೆಯದು ಹೋಗಿ ಬಂತು. ಇಂಥ ಯಾತ್ರೆ ಹೊರಡಿಸುವ ಆಸೆ ಯಾರಿಗಾದರೂ ಇದ್ದರೆ, ನಾನು ಎಡವಿದ ಜಾಗಗಳು ಇವು.

1. ಮೊದಲು ಕ್ಯಾಲೆಂಡರ್, ಆಮೇಲೆ ನಕ್ಷೆ

ಮೊದಲ ಯಾತ್ರೆ ಶನಿಗ್ರಹಕ್ಕೆ. ಬೋರ್ಡಿನ ಮೇಲೆ ಭೂಮಿ ಬರೆದೆ, ಶನಿ ಬರೆದೆ, ನಡುವೆ ನೇರ ಗೆರೆ ಎಳೆದೆ, ದೂರವನ್ನು ವೇಗದಿಂದ ಭಾಗಿಸಿದೆ. ಒಂದು ಶೈಕ್ಷಣಿಕ ವರ್ಷದಲ್ಲಿ ಮುಗಿಯುತ್ತದೆ ಎಂದೂ ಹೇಳಿಬಿಟ್ಟೆ. ದನ ಕಾಯುವ ಮನೆಯ ಹುಡುಗ ಎದ್ದು ನಿಂತ: "ಓಡೋ ಕರು ಹಿಡೀಬೇಕಂದ್ರ ಅದು ಇದ್ದಲ್ಲಿಗೆ ಓಡಬಾರದ್ರೀ ಸರ. ಅದು ಹೊಂಟ ಕಡೆ ಅಡ್ಡ ಓಡಬೇಕ್ರೀ." ಭೌತಶಾಸ್ತ್ರ ಓದಿದ ನನಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು. ಗ್ರಹಗಳೂ ಓಡುತ್ತಿರುತ್ತವೆ. ಮಂಗಳಕ್ಕೆ ಕಡಿಮೆ ಇಂಧನದಲ್ಲಿ ಹೊರಡುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಬರುತ್ತದೆ. ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕನ್ನೂ ಒಂದೇ ದಾರಿಯಲ್ಲಿ ದಾಟಬಹುದಾದ ಹೊಂದಾಣಿಕೆ ಬರುವುದು ಸುಮಾರು 175 ವರ್ಷಕ್ಕೊಮ್ಮೆ. ಅದನ್ನು ಹಿಡಿದು 1977ರಲ್ಲಿ ಹೊರಟ ವಾಯೇಜರ್ 2ಕ್ಕೂ ಶನಿಯನ್ನು ಮುಟ್ಟಲು ನಾಲ್ಕು ವರ್ಷ ಬೇಕಾಯಿತು. ನಮ್ಮ ಶನಿಯಾತ್ರೆ ನಾಲ್ಕನೇ ತಿಂಗಳಿಗೆ ನಿಂತಿತು. ನಿಂತದ್ದಕ್ಕೆ ತಪ್ಪು ಲೆಕ್ಕವೊಂದೇ ಕಾರಣವಲ್ಲ. ದೊಡ್ಡ ಕಾರಣ ಮುಂದಿನ ಪಾಠದಲ್ಲಿದೆ.

2. ಅಂಕ ನೋಡಿ ಆರಿಸಬೇಡಿ

ನೌಕೆಯಲ್ಲಿ ಆರು ಜಾಗ, ತರಗತಿಯಲ್ಲಿ ನಲವತ್ತೊಂದು ಮಕ್ಕಳು. ನಾನೊಂದು ಪರೀಕ್ಷೆ ಇಟ್ಟು, ಹೆಚ್ಚು ಅಂಕ ಪಡೆದ ಆರು ಜನರನ್ನು ಗೆರೆಯ ಒಳಗೆ ಕೂರಿಸಿದೆ. ಉಳಿದವರು ಸುತ್ತ ನಿಂತು ನೋಡಿದರು. ಮೂರನೇ ವಾರ ನೋಡುವವರು ಹನ್ನೆರಡು ಜನ ಉಳಿದಿದ್ದರು, ಆರನೇ ವಾರ ಯಾರೂ ಇರಲಿಲ್ಲ. ಶಾಲೆಯ ಕೆಟ್ಟ ಪಂಪು, ಸೈಕಲ್ಲು ಎಲ್ಲ ರಿಪೇರಿ ಮಾಡುತ್ತಿದ್ದ ಹಾಸ್ಟೆಲ್ ಹುಡುಗನೊಬ್ಬ ವಿಜ್ಞಾನದ ತರಗತಿಯಲ್ಲೂ ಮಾತು ಬಿಟ್ಟ. ಪರೀಕ್ಷೆಯಲ್ಲಿ ಕಡಿಮೆ ಬಂದದ್ದಕ್ಕೆ ಬೇಜಾರೇನೋ ಎಂದು ಕೇಳಿದೆ. "ಅದಕ್ಕಲ್ರೀ ಸರ. ನೀವು ನಮ್ಮನ್ನ ಭೂಮಿಮ್ಯಾಲ ಬಿಟ್ಟ ಹೋದ್ರೆಲ್ರೀ" ಎಂದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅಷ್ಟು ಹೊತ್ತಿಗೆ ಒಳಗಿನ ಆರೂ ಜನ ಜಗಳವಾಡುತ್ತಿದ್ದರು. ಎಲ್ಲರಿಗೂ ಉತ್ತರ ಹೇಳುವ ಅಭ್ಯಾಸ, ಕೇಳಿಸಿಕೊಳ್ಳುವ ಅಭ್ಯಾಸ ಯಾರಿಗೂ ಇಲ್ಲ. ಮಂಗಳಯಾನವನ್ನು ನಡೆಸಿದವರು ನೌಕೆಯೊಳಗೆ ಇರಲಿಲ್ಲ, ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿದ್ದರು. ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾ ಅದರ ಮಾತು ಕೇಳಿಸಿಕೊಳ್ಳುತ್ತಿತ್ತು. ಇದನ್ನು ಪಾಠ ಮಾಡುತ್ತಲೇ ನಾನು ಮೂವತ್ತೈದು ಮಕ್ಕಳನ್ನು ಬರೀ ಪ್ರೇಕ್ಷಕರನ್ನಾಗಿ ಮಾಡಿದ್ದೆ. ಮೂರನೇ ಯಾತ್ರೆಯ ಹೊತ್ತಿಗೆ ಎಲ್ಲರಿಗೂ ಕೆಲಸ ಸಿಕ್ಕಿತು, ನೌಕೆಯಲ್ಲಿ ಇಲ್ಲವೇ ನೆಲದ ಮೇಲೆ. ಆರು ಜನರನ್ನು ಆರಿಸಲು ಪ್ರಶ್ನೆಪತ್ರಿಕೆ ಇರಲಿಲ್ಲ. ಮನೆಯಲ್ಲಿ ಸಿಟ್ಟು ಬಂದರೆ ಏನು ಮಾಡುತ್ತೀರಿ ಎಂದಷ್ಟೇ ಕೇಳಿದೆ. 1914ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟ ಶ್ಯಾಕಲ್ಟನ್ ತನ್ನ ಹಡಗಿಗೆ ಬರಬೇಕೆಂದ ಭೌತವಿಜ್ಞಾನಿಗೆ ಹಾಡಲು ಬರುತ್ತದೆಯೇ ಎಂದು ಕೇಳಿದ್ದನಂತೆ. ಆ ಪ್ರಶ್ನೆಯ ಬೆಲೆ ನನಗೆ ತಡವಾಗಿ ತಿಳಿಯಿತು.

3. ಇಳಿಯುವ ಅಂಗಳ ಮೊದಲೇ ನೋಡಿಕೊಳ್ಳಿ

ಎರಡನೇ ಯಾತ್ರೆ ಗುರುಗ್ರಹದ ಚಂದ್ರ ಯುರೋಪಾಕ್ಕೆ. ಮಂಜುಗಡ್ಡೆಯ ಕೆಳಗೆ ಸಮುದ್ರವಿದೆ ಎನ್ನುವ ಆಕರ್ಷಣೆಗೆ ನಾನೇ ಮೊದಲು ಸೋತಿದ್ದೆ. ಗುರುವಿನ ಕಾಂತಕ್ಷೇತ್ರದಿಂದಾಗಿ ಅಲ್ಲಿನ ವಿಕಿರಣ ಎಷ್ಟು ತೀವ್ರವೆಂದರೆ, ರಕ್ಷಣೆಯಿಲ್ಲದ ಮನುಷ್ಯನಿಗೆ ಒಂದು ದಿನವೇ ಮಾರಕ. ಇದನ್ನು ನಾನು ಓದಿದ್ದು ಹೊರಟು ಎರಡು ತಿಂಗಳಾದ ಮೇಲೆ. ಗುರುವಿನ ಬಳಿ ಮನುಷ್ಯರನ್ನು ಕಳಿಸುವ ಬಗ್ಗೆ 2003ರಲ್ಲಿ ನಾಸಾ ಅಧ್ಯಯನ ಮಾಡಿದಾಗ, ಆ ವಿಕಿರಣ ಪಟ್ಟಿಯ ಆಚೆ ದೂರದಲ್ಲಿರುವ ಇನ್ನೊಂದು ಚಂದ್ರ ಕ್ಯಾಲಿಸ್ಟೋವನ್ನು ಆರಿಸಿದ್ದು ಇದೇ ಕಾರಣಕ್ಕೆ. ಮಕ್ಕಳಿಗೆ ನಿಜ ಹೇಳಿ ಯಾತ್ರೆ ನಿಲ್ಲಿಸಿದೆ.

4. ನೀರಿನ ಲೆಕ್ಕ ಬರೆದೇ ಹೊರಡಿ

ಮೂರನೇ ಸಲ ಮಂಗಳ. ಹೋಗಲು ಎಂಟೂವರೆ ತಿಂಗಳು, ಭೂಮಿ ಮತ್ತೆ ಸರಿಯಾದ ಜಾಗಕ್ಕೆ ಬರುವವರೆಗೆ ಅಲ್ಲಿ ಸುಮಾರು ಹದಿನೈದು ತಿಂಗಳ ವಾಸ, ಬರಲು ಮತ್ತೆ ಎಂಟೂವರೆ. ಒಟ್ಟು 32 ತಿಂಗಳು. ಎಂಟನೇ ತರಗತಿಯ ಜೂನ್‌ನಲ್ಲಿ ಹೊರಟವರು ಹತ್ತನೇ ತರಗತಿಯ ಫೆಬ್ರವರಿಗೆ ವಾಪಸು. 2018ರ ಮೇ ತಿಂಗಳಲ್ಲಿ ಇನ್‌ಸೈಟ್ ನೌಕೆ ಮಂಗಳಕ್ಕೆ ಹೊರಟಿತ್ತು. ನಾವು ಜೂನ್ 2ರ ಶನಿವಾರ ಹೊರಟೆವು.

ಸಾಮಾನು ಪಟ್ಟಿಯಲ್ಲಿ ನಾನು ದೂರದರ್ಶಕ, ಬಾವುಟ, ಕ್ಯಾಮೆರಾ ಬರೆಸಿದ್ದೆ. ದಿನಾ ಬೆಳಿಗ್ಗೆ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಲ್ಲುವ ಹುಡುಗಿ ಪಟ್ಟಿ ನೋಡಿ, "ನೀರು ಎಲ್ಲೈತ್ರೀ?" ಎಂದಳು. ಲೆಕ್ಕ ಅವಳೇ ಮಾಡಿದಳು. ಕುಡಿಯಲು, ಅಡುಗೆಗೆ, ಮೈ ಒರೆಸಿಕೊಳ್ಳಲು ತಲೆಗೆ ದಿನಕ್ಕೆ ನಾಲ್ಕೇ ಲೀಟರ್ ಎಂದರೂ ಆರು ಜನಕ್ಕೆ 970 ದಿನಕ್ಕೆ 23 ಸಾವಿರ ಲೀಟರ್ ದಾಟಿತು. ನಮ್ಮೂರಿನ ಟ್ಯಾಂಕರ್ ಐದು ಸಾವಿರ ಲೀಟರಿನದು. ಐದು ಟ್ಯಾಂಕರ್ ನೀರನ್ನು ಆಕಾಶಕ್ಕೆ ಎತ್ತುವವರು ಯಾರು? ಉಸಿರಾಡುವ ಆಮ್ಲಜನಕವೇ ಸುಮಾರು ಐದು ಟನ್, ಊಟ ಹತ್ತು ಟನ್. ಬೆವರು, ಉಸಿರಿನ ತೇವ, ಮೂತ್ರವನ್ನೂ ಶುದ್ಧಮಾಡಿ ಮತ್ತೆ ಕುಡಿಯಬೇಕೆಂದಾಗ ಮೊದಲು ಮುಖ ಸಿಂಡರಿಸಿದರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 2023ರಲ್ಲಿ ಶೇ. 98ರಷ್ಟು ನೀರನ್ನು ಹೀಗೆ ಮರಳಿ ಪಡೆಯುವ ಮಟ್ಟ ಮುಟ್ಟಿದಾಗ ಆ ಹುಡುಗಿ ಕಾಲೇಜಿನಲ್ಲಿದ್ದಳು. ಪೇಪರಿನ ತುಣುಕನ್ನು ನನಗೆ ತಂದು ತೋರಿಸಿದಳು.

5. ಗಿಡ ನೆಟ್ಟ ಮಾತ್ರಕ್ಕೆ ಗಾಳಿ ಸಿಗದು

ಮೆಂತ್ಯದ ಕುಂಡ ನಾಲ್ಕು ಇಟ್ಟು, ಇವು ನಮಗೆ ಉಸಿರು ಕೊಡುತ್ತವೆ ಎಂದು ಹೇಳಿದ್ದೆ. ಅಷ್ಟು ಹಗುರವಾಗಿ ಹೇಳಬಾರದಿತ್ತು. ಅಮೆರಿಕದ ಅರಿಜೋನಾದಲ್ಲಿ 1991ರಿಂದ ಎರಡು ವರ್ಷ ಎಂಟು ಜನ ಬಯೋಸ್ಫಿಯರ್ 2 ಎಂಬ ಮುಚ್ಚಿದ ಗಾಜಿನ ಕಟ್ಟಡದಲ್ಲಿ ತಾವೇ ಬೆಳೆದುಕೊಂಡು ಬದುಕಲು ನೋಡಿದರು. ಕಾಡು, ಹೊಲ ಎಲ್ಲ ಇದ್ದೂ ಆಮ್ಲಜನಕ ಶೇ. 21ರ ಸುಮಾರಿನಿಂದ 14ರ ಹತ್ತಿರಕ್ಕೆ ಇಳಿಯಿತು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಟ್ಟವು, ಆ ಡೈಆಕ್ಸೈಡನ್ನು ಕಟ್ಟಡದ ಕಾಂಕ್ರೀಟು ಹೀರಿತು. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ನಮ್ಮ ಮೆಂತ್ಯ ಸಾರಿಗಾಯಿತು, ಅದೂ ಸಣ್ಣ ಮಾತಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಮೆಂತ್ಯ, ಹೆಸರುಕಾಳು ಮೊಳಕೆ ಬರಿಸಿದರು. ಆ ಪ್ರಯೋಗ ರೂಪಿಸಿದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಎಂದು ತಿಳಿದಾಗ ನನಗಾದ ಸಂತೋಷ ಹೇಳತೀರದು.

6. ಒಂದು ಕೆಲಸಕ್ಕೆ ಇಬ್ಬರು ಇರಲಿ

ನಮ್ಮ ನೌಕೆಯ ಡಾಕ್ಟರಿಗೆ ಒಂದು ಶನಿವಾರ ನಿಜವಾಗಿಯೇ ಜ್ವರ ಬಂತು. ಔಷಧದ ಪೆಟ್ಟಿಗೆಯ ಪಟ್ಟಿ ಅವಳೊಬ್ಬಳಿಗೇ ಗೊತ್ತಿತ್ತು. ಹಾಗೆ ಮಾಡಿಟ್ಟವನು ನಾನು. ಮುಂದಿನ ವಾರ ಅವರಿಗೆ ರೊಗೊಜೊವ್ ಕಥೆ ಹೇಳಿದೆ. 1961ರಲ್ಲಿ ಅಂಟಾರ್ಕ್ಟಿಕಾದ ಸೋವಿಯತ್ ನೆಲೆಯಲ್ಲಿ ಇದ್ದ ಒಬ್ಬನೇ ವೈದ್ಯನಿಗೆ ಅಪೆಂಡಿಸೈಟಿಸ್ ಆಯಿತು. ವಾಹನ ಚಾಲಕ ಕನ್ನಡಿ ಹಿಡಿದ, ಹವಾಮಾನ ತಜ್ಞ ಉಪಕರಣ ಎತ್ತಿಕೊಟ್ಟ, ವೈದ್ಯ ತನ್ನ ಹೊಟ್ಟೆಯನ್ನು ತಾನೇ ಕೊಯ್ದುಕೊಂಡ. ಬದುಕಿದ. ಮಕ್ಕಳು ಆ ದಿನವೇ ಜೋಡಿ ಜೋಡಿಯಾಗಿ ಕೆಲಸ ಹಂಚಿಕೊಂಡರು.

7. ದಾರಿಯಲ್ಲಿ ಏನೂ ಆಗುವುದಿಲ್ಲ

ಮೊದಲೆರಡು ಯಾತ್ರೆಗಳಲ್ಲಿ ಪ್ರತಿ ಶನಿವಾರ ಒಂದು ಗಂಡಾಂತರ ತರುತ್ತಿದ್ದೆ. ಬೆಂಕಿ, ಉಲ್ಕೆ, ಕ್ಷುದ್ರಗ್ರಹಗಳ ರಾಶಿ. ನಿಜದಲ್ಲಿ ಕ್ಷುದ್ರಗ್ರಹ ಪಟ್ಟಿ ಎಷ್ಟು ವಿರಳವೆಂದರೆ ನೌಕೆಗಳು ಒಂದನ್ನೂ ಕಾಣದೆ ದಾಟಿ ಹೋಗುತ್ತವೆ. ಮಕ್ಕಳು ಗಂಡಾಂತರಕ್ಕೆ ಕಾಯುವುದನ್ನು ಕಲಿತರು, ಅದಿಲ್ಲದ ದಿನ ಆಕಳಿಸಿದರು. 2010-11ರಲ್ಲಿ ಮಾಸ್ಕೋದಲ್ಲಿ ಆರು ಜನರನ್ನು 520 ದಿನ ಕೂಡಿಟ್ಟು ಮಂಗಳಯಾತ್ರೆಯ ತಾಲೀಮು ನಡೆಸಿದಾಗ ಕಂಡದ್ದೇ ಬೇರೆ: ದಿನ ಕಳೆದಂತೆ ಅವರ ಓಡಾಟ ಕಡಿಮೆಯಾಯಿತು, ಕೆಲವರ ನಿದ್ದೆ ಕೆಟ್ಟಿತು. ಖಾಲಿ ದಿನಗಳೇ ಯಾತ್ರೆಯ ಬಹುಪಾಲು ಎಂದು ನಾನು ಒಪ್ಪಿಕೊಂಡದ್ದು ಇದನ್ನು ಓದಿದ ಮೇಲೆ. ಮೂರನೇ ಯಾತ್ರೆಯಲ್ಲಿ ಗಂಡಾಂತರ ತರಲಿಲ್ಲ. ದಿನಚರಿ ಬರೆಯುವುದು, ನೀರಿನ ಲೆಕ್ಕ, ವ್ಯಾಯಾಮ, ಒಬ್ಬರು ಇನ್ನೊಬ್ಬರಿಗೆ ತಮಗೆ ಗೊತ್ತಿದ್ದನ್ನು ಕಲಿಸುವುದು, ಇಷ್ಟೇ. ಒಬ್ಬಳು ಎಲ್ಲರಿಗೂ ಕಸೂತಿ ಕಲಿಸಿದಳು.

ಇನ್ನೊಂದು ಮಾತು. ಮಂಗಳ ದೂರದಲ್ಲಿದ್ದಾಗ ನಮ್ಮ ಮಾತು ಅಲ್ಲಿಗೆ ತಲುಪಲು 22 ನಿಮಿಷ. ಹಾಗಾಗಿ ನೆಲದವರು ಲೈಬ್ರರಿಯಲ್ಲಿ, ನೌಕೆಯವರು ವರಾಂಡದಲ್ಲಿ, ಚೀಟಿ ಒಯ್ಯುವವಳು ಗಡಿಯಾರ ನೋಡಿಕೊಂಡು ಹೊರಗಿನ ಕಟ್ಟೆಯ ಮೇಲೆ. "ಹೆಂಗದೀರಿ?" ಎಂದು ಬರೆದರೆ ಉತ್ತರ ಬರಲು ಮುಕ್ಕಾಲು ತಾಸು. ಕೇಳಬೇಕಾದ್ದನ್ನೆಲ್ಲ ಒಂದೇ ಚೀಟಿಯಲ್ಲಿ ಪೂರ್ತಿ ಕೇಳುವುದನ್ನು ಅವರು ಒಂದೇ ತಿಂಗಳಲ್ಲಿ ಕಲಿತರು.

8. ಯಾರೂ ಖಾಲಿ ಜಾಗವಲ್ಲ

2019ರ ಸೆಪ್ಟೆಂಬರಿನಲ್ಲಿ, ನಾವು ಮಂಗಳದ ಮೇಲಿದ್ದಾಗ, ಆರು ಜನರಲ್ಲಿ ಒಬ್ಬನ ಮನೆಯವರು ದುಡಿಯಲು ಗೋವಾಕ್ಕೆ ಹೋದರು. ಅವನೂ ಹೋದ. ಮುಂದಿನ ಶನಿವಾರ ನಾನು ಬೇರೆ ಹುಡುಗನನ್ನು ಆ ಜಾಗದಲ್ಲಿ ಕೂರಿಸಿದೆ. ಹಾಜರಿ ಪುಸ್ತಕದಲ್ಲಿ ಹೆಸರು ತೆಗೆದು ಹೆಸರು ಬರೆಯುವುದು ನನಗೆ ರೂಢಿಯಾಗಿತ್ತು. ಮಕ್ಕಳು ಆಟ ಶುರುಮಾಡಲಿಲ್ಲ. ಮಂಗಳಕ್ಕೆ ನಡುವೆ ಯಾರೂ ಬರಲಾಗದು, ಅಲ್ಲಿಂದ ಯಾರೂ ಹೋಗಲಾಗದು, ನೀವೇ ಹೇಳಿದ್ದಿರಿ ಎಂದರು. ಅವನು ಮಂಗಳದ ಇನ್ನೊಂದು ಬದಿಯ ನೆಲೆಯಲ್ಲಿ ಕೆಲಸಕ್ಕೆ ಇದ್ದಾನೆ ಎಂದು ಅವರೇ ತೀರ್ಮಾನಿಸಿದರು. ಪೋಸ್ಟ್‌ಕಾರ್ಡ್ ಹಾಕಿದರು. ಉತ್ತರ ಬಂತು: "ಇಲ್ಲಿ ಜೋರು ಮಳಿ ಐತಿ. ಮಂಗಳದಾಗ ಮಳಿ ಇಲ್ಲಂತ ಸರ್ ಹೇಳ್ಯಾರ, ಹಂಗಾಗಿ ಇದನ್ನ ದಿನಚರಿಯಾಗ ಬರಕೋಬ್ಯಾಡ್ರಿ." ಬೇರೆ ಹುಡುಗನ ಹತ್ತಿರ ನಾನು ಕ್ಷಮೆ ಕೇಳಿದೆ. ಅವನನ್ನೂ ಖಾಲಿ ಜಾಗ ತುಂಬುವ ವಸ್ತುವಿನಂತೆ ನೋಡಿದ್ದೆನಲ್ಲ.

9. ಬರಮಾಡಿಕೊಳ್ಳುವವರು ಬೇಕು

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಯಾತ್ರೆ ಇಲ್ಲಿಗೆ ಮುಗಿಯಿತು ಎಂದು ನಾನು ಫೋನ್ ಮಾಡಿ ಹೇಳಿದೆ. ನೀರಿನ ಲೆಕ್ಕದ ಹುಡುಗಿ, "ನಾವ್ ಮಂಗಳದ ಮ್ಯಾಲ ಅದೀವ್ರೀ ಸರ. ಭೂಮಿ ಬಂದ್ ಆದ್ರ ನಮಗೇನ್ರೀ?" ಎಂದಳು. ನಾನು ಕೈಬಿಟ್ಟದ್ದನ್ನು ಅವರು ನಡೆಸಿದರು. ಮೂರೇ ಮನೆಯಲ್ಲಿ ಒಳ್ಳೆಯ ಫೋನಿತ್ತು. ಉಳಿದವರ ದಿನಚರಿ ಗೋಡೆಯಾಚೆಯಿಂದ, ಹೊಲದ ಬದುವಿನಿಂದ ಸಾಗಿ ಬರುತ್ತಿತ್ತು. ಆ ಬೇಸಿಗೆಯಲ್ಲಿ ಗೋವಾಕ್ಕೆ ಹೋದವರು ಊರಿಗೆ ಮರಳಿದರು. ಹುಡುಗ ಶಾಲೆಗೆ ಬರಲಿಲ್ಲ, ಅಪ್ಪನ ಜೊತೆ ಕೂಲಿಗೆ ಹೋದ. ಎರಡು ಸಲ ಮನೆಗೆ ಹೋಗಿ ಬಂದೆ. ಇನ್ನೂ ಎರಡು ಸಲ ಹೋಗಬೇಕಿತ್ತು.

2021ರ ಫೆಬ್ರವರಿ 20, ಶನಿವಾರ. ಎರಡು ದಿನದ ಹಿಂದಷ್ಟೇ ಪರ್ಸಿವಿಯರೆನ್ಸ್ ಮಂಗಳದ ಮೇಲೆ ಇಳಿದಿತ್ತು. ಐದು ಜನ ಸೀಮೆಸುಣ್ಣದ ಗೆರೆಯೊಳಗೆ ಕೂತಿದ್ದರು, ಹೊರಟಾಗಿನದಕ್ಕಿಂತ ಗೇಣುದ್ದ ಎತ್ತರವಾಗಿದ್ದರು. ತೂಕವಿಲ್ಲದ ಕಡೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಮೂಳೆ ಸವೆಯುತ್ತದೆ, ಮರಳಿದವರು ಒಮ್ಮೆಲೇ ಎದ್ದು ನಡೆಯಲಾರರು, ನೆಲದವರು ಹಿಡಿದು ಎತ್ತಿಕೊಳ್ಳಬೇಕು ಎಂದೆಲ್ಲ ನಾನೇ ಪಾಠ ಮಾಡಿದ್ದೆ. ಎತ್ತಿಕೊಳ್ಳುವ ಕೆಲಸಕ್ಕೆ ಯಾರನ್ನೂ ನೇಮಿಸಿರಲಿಲ್ಲ. ಗೇಟಿನ ಹತ್ತಿರ ಆ ಹುಡುಗ ಬಂದು ನಿಂತಿದ್ದ, ಕೂಲಿಯ ಬಟ್ಟೆಯಲ್ಲೇ. ಒಳಗೆ ಬಾ, ನಿನ್ನ ಜಾಗ ಹಾಗೇ ಇದೆ ಎಂದು ಕರೆದರು. ಅವನು ಬಂದ, ಆದರೆ ಗೆರೆ ದಾಟಲಿಲ್ಲ. ಹೊರಗೇ ನಿಂತು ಕೈ ಚಾಚಿ, ಒಬ್ಬೊಬ್ಬರನ್ನೇ ತೋಳು ಹಿಡಿದು ಎಬ್ಬಿಸಿ, ನಿಧಾನಕ್ಕೆ ಈಚೆಗೆ ತಂದು ಕಟ್ಟೆಯ ಮೇಲೆ ಕೂರಿಸಿದ.