ಮನೆಯ ಕೊಟ್ಟಿಗೆಯಲ್ಲಿ ಮೋಟಾರು ವಾಹನಗಳ ದುರಸ್ತಿ

ಗ್ರಾಮದ ಮುಖಂಡರೂ ಭೂಮಾಲೀಕರೂ ಆದ ವಾಚಕಮಹಾಶಯರ ಪೈಕಿ ಅನೇಕರ ಮನೆಗಳಲ್ಲಿ ದನದ ಕೊಟ್ಟಿಗೆಯ ಪಕ್ಕದಲ್ಲಿ ಟ್ರಾಕ್ಟರಿನ ಕೊಟ್ಟಿಗೆಯೂ ಇರುವುದಷ್ಟೆ. ಎತ್ತಿಗೆ ಕಾಯಿಲೆಯಾದರೆ ಅದರ ಕಣ್ಣನ್ನೂ ಮೂತಿಯನ್ನೂ ನೋಡಿ ರೋಗವನ್ನು ಊಹಿಸಬಲ್ಲ ಹಿರಿಯರು, ಯಂತ್ರವು ಕೆಟ್ಟಾಗ ಮಾತ್ರ ಪೇಟೆಯ ಮೆಕ್ಯಾನಿಕ್ಕಿನ ದಾರಿಯನ್ನು ನೋಡುತ್ತ ಕುಳಿತಿರುವುದುಂಟು. ಮುಂಗಾರಿನ ಹದವು ಯಾರಿಗಾಗಿಯೂ ಕಾಯುವುದಿಲ್ಲ. ಹತ್ತು ರೂಪಾಯಿನ ರಬ್ಬರಿನ ಬಿಲ್ಲೆಯೊಂದು ಸೋರಿದ ಕಾರಣದಿಂದ ಬಿತ್ತನೆಯು ವಾರ ತಡವಾದರೆ, ಆ ನಷ್ಟವನ್ನು ಯಾವ ದುರಸ್ತಿಯಿಂದಲೂ ತುಂಬಲಾಗದು.

ಇದಕ್ಕೆ ವಿರುದ್ಧವಾದ ಇನ್ನೊಂದು ತೊಂದರೆಯೂ ಉಂಟು. ಮನೆಯ ತರುಣರು ಯಂತ್ರದ ಮೇಲಿನ ಪ್ರೀತಿಯಿಂದ ತಾವೇ ಪಾನಾ ಹಿಡಿದು ಎಲ್ಲವನ್ನೂ ಬಿಚ್ಚುವುದು, ಜೀಪಿಗೆ ದೊಡ್ಡ ಚಕ್ರಗಳನ್ನು ಹಾಕುವುದು, ಸೈಲೆನ್ಸರನ್ನು ಕತ್ತರಿಸುವುದು ಮುಂತಾದ ಕೆಲಸಗಳಿಗೆ ಕೈ ಹಾಕುವರು. ಈ ಉತ್ಸಾಹವನ್ನು ಬೈದು ಅಡಗಿಸುವುದು ತರವಲ್ಲ. ಅದಕ್ಕೆ ಕ್ರಮವನ್ನು ಕಲಿಸುವುದು ಹಿರಿಯರ ಕರ್ತವ್ಯವು. ಆದಕಾರಣ ಮನೆಯಲ್ಲಿ ಮಾಡಬಹುದಾದ ಕೆಲಸ ಯಾವುದು, ಮಾಡಬಾರದ ಕೆಲಸ ಯಾವುದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

೧. ಪೂರ್ವವೃತ್ತಾಂತ

ಮನೆಯಲ್ಲಿಯೇ ಮೋಟಾರನ್ನು ರಿಪೇರಿ ಮಾಡಿಕೊಳ್ಳುವ ಮತ್ತು ಮನಬಂದಂತೆ ಮಾರ್ಪಡಿಸುವ ಅಭ್ಯಾಸಕ್ಕೆ ಅಮೆರಿಕಾ ದೇಶದ ರೈತರ ಕೊಟ್ಟಿಗೆಯು ಒಂದು ತವರುಮನೆಯಾಗಿತ್ತು. ೧೯೦೮ನೆಯ ಇಸವಿಯಲ್ಲಿ ಹೆನ್ರಿ ಫೋರ್ಡ್ ಎಂಬವರು, ತಾವೂ ರೈತರ ಮಗನೇ ಆಗಿದ್ದು, 'ಮಾಡೆಲ್ ಟಿ' ಎಂಬ ಅಗ್ಗದ ಮೋಟಾರನ್ನು ಹೊರತಂದರು. ೧೯೨೭ರ ವರೆಗೆ ಇಂಥವು ಸುಮಾರು ಒಂದೂವರೆ ಕೋಟಿ ತಯಾರಾದವು. ಇದರ ರಚನೆಯು ಸರಳವಾಗಿದ್ದು, ಸಾಮಾನ್ಯ ಸಲಕರಣೆಗಳಿಂದಲೇ ಬಿಚ್ಚಿ ಜೋಡಿಸಲು ಸಾಧ್ಯವಾಗಿತ್ತು. ಅಲ್ಲಿನ ರೈತರು ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಅದಕ್ಕೆ ಪಟ್ಟಿಯನ್ನು ಕಟ್ಟಿ, ಸೌದೆ ಕೊಯ್ಯುವುದಕ್ಕೂ ಕಾಳು ಬೀಸುವುದಕ್ಕೂ ಅದೇ ಮೋಟಾರನ್ನು ಉಪಯೋಗಿಸಿದರು. ಅದನ್ನು ಟ್ರಾಕ್ಟರನ್ನಾಗಿ ಮಾರ್ಪಡಿಸುವ ಜೋಡಣೆಗಳು ಸಹ ಮಾರಾಟಕ್ಕೆ ಬಂದವು.

ಮುಂದೆ ಈ ಹಳೆಯ ಮೋಟಾರುಗಳನ್ನೇ ಕ್ಯಾಲಿಫೋರ್ನಿಯಾದ ತರುಣರು ಅಗ್ಗವಾಗಿ ಕೊಂಡು, ಮಡ್‌ಗಾರ್ಡುಗಳನ್ನು ತೆಗೆದು ಭಾರವನ್ನು ಇಳಿಸಿ, ಎಂಜಿನಿನ ಶಕ್ತಿಯನ್ನು ಹೆಚ್ಚಿಸಿ, ಒಣಗಿದ ಸರೋವರಗಳ ಸಮತಟ್ಟಾದ ನೆಲದ ಮೇಲೆ ಓಡಿಸತೊಡಗಿದರು. ೧೯೩೨ರಲ್ಲಿ ಫೋರ್ಡ್ ಕಂಪೆನಿಯವರ ಎಂಟು ಸಿಲಿಂಡರುಗಳ ಅಗ್ಗದ ಎಂಜಿನು ಬಂದ ಮೇಲೆ ಈ ಹವ್ಯಾಸವು ಇನ್ನೂ ಬೆಳೆಯಿತು. ೧೯೪೫ರಲ್ಲಿ ಯುದ್ಧವು ಮುಗಿದಾಗ, ಸೈನ್ಯದಲ್ಲಿ ಯಂತ್ರವಿದ್ಯೆಯನ್ನು ಕಲಿತು ಊರಿಗೆ ಮರಳಿದ ಯುವಕರೂ ಇದರಲ್ಲಿ ಸೇರಿದರು. ಆದರೆ ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಹವ್ಯಾಸಿಗಳು ೧೯೩೭ರಲ್ಲಿಯೇ ಸಂಘವೊಂದನ್ನು ಕಟ್ಟಿ ಓಟಕ್ಕೆ ನಿಯಮಗಳನ್ನು ಮಾಡಿಕೊಂಡರು. ೧೯೫೧ರಲ್ಲಿ ಇನ್ನೊಂದು ಸಂಘವು ಸಾರ್ವಜನಿಕ ರಸ್ತೆಗಳಲ್ಲಿ ನಡೆಯುತ್ತಿದ್ದ ಪಂದ್ಯಗಳನ್ನು ಪ್ರತ್ಯೇಕವಾದ ಓಟದ ಪಥಗಳಿಗೆ ಒಯ್ಯುವ ಕೆಲಸಕ್ಕೆ ತೊಡಗಿತು. ನಿಯಮವಿಲ್ಲದ ಉತ್ಸಾಹವು ಪ್ರಾಣಕ್ಕೆ ಎರವಾಗುವುದೆಂಬುದನ್ನು ಮೋಟಾರುಪ್ರಿಯರು ತಾವೇ ಮನಗಂಡರೆಂದು ಇದರಿಂದ ತಿಳಿಯಬಹುದು.

ನಮ್ಮಲ್ಲಿ ಈ ಸ್ಥಾನವನ್ನು ಪಡೆದದ್ದು ಜೀಪು. ೧೯೪೦ರ ದಶಕದ ಕೊನೆಯಲ್ಲಿ ಮಹೀಂದ್ರಾ ಸಂಸ್ಥೆಯವರು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲಾರಂಭಿಸಿದರು. ಕೊಡಗು ಮತ್ತು ಮಲೆನಾಡಿನ ಕಾಫಿ ತೋಟಗಳ ಕೆಸರುದಾರಿಗೆ ಇದು ಬಹಳ ಒಗ್ಗಿತು. ಇಂದಿಗೂ ಅನೇಕ ತೋಟದ ಮನೆಗಳಲ್ಲಿ ತಾತನ ಕಾಲದ ಜೀಪನ್ನು ಮೊಮ್ಮಕ್ಕಳು ಪ್ರೀತಿಯಿಂದ ಸರಿಪಡಿಸುತ್ತಿರುವುದನ್ನು ಕಾಣಬಹುದು.

೨. ಕೊಟ್ಟಿಗೆಯ ಏರ್ಪಾಡು

ದುರಸ್ತಿಯ ಸ್ಥಳವು ಹುಲ್ಲಿನ ಬಣವೆಯಿಂದಲೂ ಅಡಿಗೆಯ ಒಲೆಯಿಂದಲೂ ದೂರವಾಗಿರತಕ್ಕದ್ದು. ನೆಲವು ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರಬೇಕು. ಎರಡು ಕಡೆಗಳಲ್ಲಾದರೂ ಗಾಳಿಯು ಆಡುವಂತಿರಬೇಕು. ಎಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಇರುವುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ಓಡಿಸುತ್ತ ಕೆಲಸ ಮಾಡುವವನಿಗೆ ತಲೆನೋವು ಬಂದು, ಮಂಕು ಕವಿದು, ಎದ್ದು ಹೊರಗೆ ಬರುವ ಶಕ್ತಿಯೂ ಇಲ್ಲದಂತಾಗಿ ಪ್ರಾಣವು ಹೋಗಬಹುದು. ಮಳೆಗಾಲದಲ್ಲಿ ಇರಚಲಿಗೆ ಹೆದರಿ ಬಾಗಿಲನ್ನು ಹಾಕಿಕೊಳ್ಳುವವರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

ವಾಹನದ ಅಡಿಯಲ್ಲಿ ಕೆಲಸ ಮಾಡುವುದಿದ್ದರೆ ಜಾಕನ್ನು ಮಾತ್ರ ನಂಬತಕ್ಕದ್ದಲ್ಲ. ಜಾಕು ಎತ್ತುವುದಕ್ಕೆ ಇರುವ ಸಾಧನವೇ ಹೊರತು ಹೊತ್ತು ನಿಲ್ಲುವುದಕ್ಕಲ್ಲ. ನೆಲದ ಮೇಲಿರುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ಅಡೆಗಳನ್ನು ಕೊಟ್ಟು, ವಾಹನವನ್ನು ಎತ್ತಿದ ಮೇಲೆ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಒಮ್ಮೆ ಅಲುಗಿಸಿ ನೋಡಿ, ಆಮೇಲೆ ಅಡಿಗೆ ಇಳಿಯಬೇಕು. ಇಟ್ಟಿಗೆ ಅಥವಾ ಟೊಳ್ಳಾದ ಸಿಮೆಂಟ್ ಬ್ಲಾಕುಗಳು ಭಾರಕ್ಕೆ ಸೂಚನೆಯನ್ನೂ ಕೊಡದೆ ಒಡೆಯುವುವು. ಅವುಗಳನ್ನು ಎಂದಿಗೂ ಇಡಬಾರದು.

೩. ದಿನವಹಿ ನೋಡತಕ್ಕವುಗಳು

ಎಂಜಿನಿನ ಕಾಯಿಲೆಗಳಲ್ಲಿ ಬಹುಪಾಲು ಎಣ್ಣೆ, ನೀರು, ಗಾಳಿ ಎಂಬ ಈ ಮೂರರ ಅಲಕ್ಷ್ಯದಿಂದ ಹುಟ್ಟುವುವು.

ಎಣ್ಣೆ: ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಬೆಳಿಗ್ಗೆ ಎಂಜಿನನ್ನು ಚಾಲೂ ಮಾಡುವ ಮೊದಲು ಅಳತೆಯ ಕಡ್ಡಿಯನ್ನು ಒರೆಸಿ, ಅದ್ದಿ ನೋಡಬೇಕು. ಎಣ್ಣೆಯು ಕೆಳಗಿನ ಗುರುತಿಗಿಂತ ಇಳಿದಿದ್ದರೆ ತುಂಬಬೇಕು. ಹಾಕದಿದ್ದರೂ ಮಟ್ಟವು ಏರಿದ್ದರೆ ಡೀಸೆಲ್ಲೋ ನೀರೋ ಸೇರಿದೆಯೆಂದು ತಿಳಿಯಬೇಕು. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿರುವುದು ಬಹುಮಟ್ಟಿಗೆ ನಿಶ್ಚಯ. ಅಂಥ ಎಂಜಿನನ್ನು ಓಡಿಸಬಾರದು. ತೆಗೆದ ಹಳೆಯ ಎಣ್ಣೆಯನ್ನು ಕಾಲುವೆಗಾಗಲಿ ಬಾವಿಯ ಬಳಿಗಾಗಲಿ ಚೆಲ್ಲದೆ, ಡಬ್ಬದಲ್ಲಿ ಶೇಖರಿಸಿ, ಅದನ್ನು ಕೊಳ್ಳುವ ಅಧಿಕೃತರಿಗೆ ಒಪ್ಪಿಸತಕ್ಕದ್ದು.

ನೀರು: ರೇಡಿಯೇಟರು ಬಿಸಿಯಾಗಿರುವಾಗ ಅದರ ಮುಚ್ಚಳವನ್ನು ತೆಗೆಯಬಾರದು. ಒಳಗಿನ ನೀರು ಒತ್ತಡದಲ್ಲಿರುವುದರಿಂದ ಮುಚ್ಚಳವು ಸಡಿಲವಾದೊಡನೆ ಕುದಿದು ಮುಖಕ್ಕೆ ಚಿಮ್ಮುವುದು. ರೇಡಿಯೇಟರಿನ ಎದುರಿಗೆ ಸೇರಿದ ಹೊಟ್ಟು, ಧೂಳುಗಳನ್ನು ಒಕ್ಕಣೆಯ ಕಾಲದಲ್ಲಿ ದಿನವೂ ತೆಗೆಯಬೇಕು.

ಗಾಳಿ: ಎಂಜಿನಿಗೆ ಹೋಗುವ ಗಾಳಿಯನ್ನು ಸೋಸುವ ಸಾಧನವು ಧೂಳಿನಿಂದ ಕಟ್ಟಿಕೊಂಡರೆ ಶಕ್ತಿಯು ಕುಂದುವುದು, ಅದು ಹರಿದಿದ್ದರೆ ಧೂಳು ಒಳಹೊಕ್ಕು ಸಿಲಿಂಡರನ್ನು ಉಜ್ಜಿ ಸವೆಸುವುದು. ಎಣ್ಣೆಯ ಬಟ್ಟಲಿರುವ ಹಳೆಯ ಮಾದರಿಗಳಲ್ಲಿ, ಬಟ್ಟಲಿನ ತಳದಲ್ಲಿ ಕೆಸರು ಕೂತಿದ್ದರೆ ತೊಳೆದು, ಗುರುತಿನವರೆಗೆ ಹೊಸ ಎಣ್ಣೆಯನ್ನು ಹಾಕಬೇಕು.

ಹೊಗೆಯ ಬಣ್ಣದಿಂದಲೂ ರೋಗವನ್ನು ತಿಳಿಯಬಹುದು. ಡೀಸೆಲ್ ಎಂಜಿನಿನಲ್ಲಿ ಕಪ್ಪು ಹೊಗೆಯು ಬಂದರೆ ಗಾಳಿಯು ಸಾಲದೆಂದೋ ಡೀಸೆಲ್ ಹೆಚ್ಚೆಂದೋ ಅರ್ಥ. ನೀಲಿ ಹೊಗೆಯು ಬಂದರೆ ಎಂಜಿನಿನ ಎಣ್ಣೆಯು ಉರಿಯುತ್ತಿದೆಯೆಂದು ಅರ್ಥ. ಬಿಳಿಯ ಹೊಗೆಯು ಬೆಳಗಿನ ಚಳಿಯಲ್ಲಿ ಸ್ವಲ್ಪ ಹೊತ್ತು ಬಂದರೆ ದೋಷವಲ್ಲ. ಎಂಜಿನು ಕಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೆ ನೀರು ಒಳಗೆ ಸೋರುತ್ತಿದೆ.

೪. ಡೀಸೆಲ್ಲಿನಲ್ಲಿ ಗಾಳಿ ಸೇರಿದರೆ

ಹೊಲದ ನಡುವೆ ಡೀಸೆಲ್ ಮುಗಿದು, ಮತ್ತೆ ತುಂಬಿದರೂ ಎಂಜಿನು ಹಿಡಿಯದಿರುವುದು ರೈತರಿಗೆ ಪರಿಚಿತವಾದ ತೊಂದರೆ. ಕೊಳವೆಗಳಲ್ಲಿ ಗಾಳಿಯು ಸೇರಿರುವುದೇ ಇದಕ್ಕೆ ಕಾರಣ. ಹಳೆಯ ಮಾದರಿಯ ಎಂಜಿನುಗಳಲ್ಲಿ ಫಿಲ್ಟರಿನ ಮೇಲಿರುವ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತಿರಬೇಕು. ಮೊದಲು ಗುಳ್ಳೆಗಳು ಬರುವುವು. ಗುಳ್ಳೆಯಿಲ್ಲದೆ ಡೀಸೆಲ್ ಒಂದೇ ಧಾರೆಯಾಗಿ ಬಂದ ಮೇಲೆ ಸ್ಕ್ರೂವನ್ನು ಬಿಗಿಯಬೇಕು. ಅನಂತರ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲಿಯೂ ಹೀಗೆಯೇ ಮಾಡಬೇಕು. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್ಲಿಗೆ ಕೈಯನ್ನು ಒಡ್ಡಬಾರದು. ಅದರ ಒತ್ತಡವು ಚರ್ಮವನ್ನು ತೂರಿ ಒಳಗೆ ಹೋಗುವಷ್ಟಿರುವುದು. ಹಾಗಾದಲ್ಲಿ ಗಾಯವು ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಸ 'ಕಾಮನ್ ರೈಲ್' ಎಂಜಿನುಗಳ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಲೇಬಾರದು.

೫. ಬ್ಯಾಟರಿ, ಬ್ರೇಕು ಮತ್ತು ತಿರುಗುವ ದಂಡ

ಬ್ಯಾಟರಿಯಲ್ಲಿ ಗಂಧಕಾಮ್ಲವಿರುವುದು, ಅದು ತುಂಬುವಾಗ ಹೊರಡುವ ಜಲಜನಕವು ಕಿಡಿ ತಗುಲಿದರೆ ಸಿಡಿಯುವುದು. ಆದಕಾರಣ ಬೀಡಿಯನ್ನು ಸೇದುತ್ತ ಬ್ಯಾಟರಿಯ ಬಳಿ ನಿಲ್ಲಬಾರದು. ಬಿಚ್ಚುವಾಗ ವಾಹನದ ಚೌಕಟ್ಟಿಗೆ ಸೇರಿದ ತಂತಿಯನ್ನು ಮೊದಲು ಬಿಚ್ಚಬೇಕು; ಜೋಡಿಸುವಾಗ ಅದನ್ನು ಕೊನೆಯಲ್ಲಿ ಜೋಡಿಸಬೇಕು. ಇಳಿದ ಮಟ್ಟವನ್ನು ಬಟ್ಟಿಯಿಳಿಸಿದ ನೀರಿನಿಂದ ತುಂಬಬೇಕೇ ಹೊರತು ಬಾವಿಯ ನೀರಿನಿಂದಲ್ಲ.

ಬ್ರೇಕಿನ ದ್ರವವು ಎಂಜಿನಿನ ಎಣ್ಣೆಗಿಂತ ಬೇರೆಯಾದ ವಸ್ತು. ಅದು ಸಿಕ್ಕಲಿಲ್ಲವೆಂದು ಬೇರೆ ಎಣ್ಣೆಯನ್ನು ಹಾಕಿದರೆ ಒಳಗಿನ ರಬ್ಬರು ಉಬ್ಬಿ ಹಾಳಾಗಿ, ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಗುವುದು. ಈ ದ್ರವವು ಗಾಳಿಯ ತೇವವನ್ನು ಹೀರುವುದರಿಂದ, ತೆರೆದಿಟ್ಟ ಡಬ್ಬದ ದ್ರವವನ್ನು ಉಪಯೋಗಿಸಬಾರದು.

ಟ್ರಾಕ್ಟರಿನ ಹಿಂದೆ ಯಂತ್ರಗಳಿಗೆ ಶಕ್ತಿಯನ್ನು ಕೊಡುವ ದಂಡವು ಸಾಮಾನ್ಯವಾಗಿ ನಿಮಿಷಕ್ಕೆ ೫೪೦ ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುವುದು. ಪಂಚೆಯ ಅಂಚೋ ಹೆಗಲ ಮೇಲಿನ ವಸ್ತ್ರವೋ ಸೀರೆಯ ಸೆರಗೋ ಅದಕ್ಕೆ ಸಿಕ್ಕಿದರೆ ಕೂಗುವಷ್ಟು ವೇಳೆಯೂ ಇರದು. ಅದರ ಮೇಲಿನ ರಕ್ಷಾಕವಚವನ್ನು ಅಡಚಣೆಯೆಂದು ತೆಗೆದುಹಾಕಿರುವವರು ಇಂದೇ ಮರಳಿ ಹಾಕಿಸಬೇಕು.

೬. ಹಳೆಯ ವಾಹನವನ್ನು ಸರಿಪಡಿಸುವ ಕ್ರಮ

ತರುಣರು ಹಳೆಯ ಜೀಪನ್ನು ಸರಿಪಡಿಸಹೊರಟರೆ ಮೊದಲು ಬಣ್ಣಕ್ಕೂ ಎಂಜಿನಿನ ಸದ್ದಿಗೂ ಮನಸೋಲುವುದು ಸಹಜ. ಕೆಲಸದ ಕ್ರಮವು ಇದಕ್ಕೆ ವಿಪರೀತವಾಗಿರಬೇಕು. ನಿಲ್ಲುವುದು ಮೊದಲು, ಓಡುವುದು ಆಮೇಲೆ ಎಂಬುದೇ ಇಲ್ಲಿನ ಸೂತ್ರ. ಬ್ರೇಕು, ಸ್ಟಿಯರಿಂಗು, ಚಕ್ರ, ದೀಪ ಇವುಗಳನ್ನು ಸರಿಪಡಿಸಿ, ಚೌಕಟ್ಟಿನ ತುಕ್ಕನ್ನು ಪರೀಕ್ಷಿಸಿ, ಅನಂತರ ಎಂಜಿನಿಗೂ ಕೊಟ್ಟಕೊನೆಗೆ ಬಣ್ಣಕ್ಕೂ ಬರಬೇಕು. ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಗಳಲ್ಲಿಟ್ಟು ಹೆಸರಿನ ಚೀಟಿಯನ್ನು ಅಂಟಿಸಬೇಕು. ಬಿಚ್ಚುವ ಮೊದಲು ಚಿತ್ರವನ್ನು ತೆಗೆದುಕೊಳ್ಳಬೇಕು. ಬ್ರೇಕು ಮತ್ತು ಸ್ಟಿಯರಿಂಗಿನ ಕೆಲಸವನ್ನು ಮುಗಿಸಿದ ಮೇಲೆ ಅನುಭವಿ ಮೆಕ್ಯಾನಿಕ್ಕಿಗೆ ತೋರಿಸದೆ ರಸ್ತೆಗೆ ಇಳಿಸಕೂಡದು.

೭. ಮಾರ್ಪಾಡಿನ ಮಿತಿ

ದೊಡ್ಡ ಚಕ್ರಗಳಿಂದ ವಾಹನವು ಗಂಭೀರವಾಗಿ ಕಾಣುವುದೇನೋ ನಿಜ. ಆದರೆ ಅದರ ಭಾರಕೇಂದ್ರವು ಮೇಲಕ್ಕೇರಿ ತಿರುವಿನಲ್ಲಿ ಮಗುಚುವ ಭಯವು ಹೆಚ್ಚುವುದು. ಬ್ರೇಕಿನ ಮೇಲೆ ಶ್ರಮವು ಹೆಚ್ಚುವುದು. ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆಯನ್ನು ತೋರಿಸುವುದು. ವೇಗವು ಇಮ್ಮಡಿಯಾದರೆ ನಿಲ್ಲಿಸುವುದಕ್ಕೆ ಬ್ರೇಕು ನುಂಗಬೇಕಾದ ಶಕ್ತಿಯು ನಾಲ್ಮಡಿಯಾಗುವುದೆಂಬುದನ್ನು ಎಂಜಿನಿನ ಶಕ್ತಿಯನ್ನು ಹೆಚ್ಚಿಸುವವರು ತಿಳಿದಿರಬೇಕು.

ಇದಲ್ಲದೆ ಕಾನೂನಿನ ಪ್ರಕಾರವೂ ಮಿತಿಯುಂಟು. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ ವಿವರಗಳಿಂದ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸಕೂಡದು. ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ ೫,೦೦೦ ರೂಪಾಯಿ ದಂಡ, ಅಥವಾ ಎರಡೂ ವಿಧಿಸಲು ಅವಕಾಶವಾಯಿತು. ಅಪಘಾತವಾದಾಗ ಮಾರ್ಪಾಡಿನ ಕಾರಣದಿಂದ ವಿಮೆಯ ಹಣಕ್ಕೂ ತಕರಾರು ಬರಬಹುದು. ಇಂಧನವನ್ನು ಬದಲಿಸುವುದಿದ್ದರೆ ಅನುಮೋದಿತ ಜೋಡಣೆಯನ್ನು ಅಧಿಕೃತರಿಂದಲೇ ಹಾಕಿಸಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ಅಡಿಗೆಯ ಅನಿಲದ ಸಿಲಿಂಡರನ್ನು ವಾಹನಕ್ಕೆ ಕಟ್ಟುವುದು ಅಪರಾಧವೂ ಪ್ರಾಣಾಪಾಯವೂ ಹೌದು.

ಹಳೆಯದನ್ನು ಹಳೆಯದರಂತೆಯೇ ಕಾಪಾಡುವವರಿಗೆ ಬೇರೊಂದು ಮಾರ್ಗವಿದೆ. ಐವತ್ತು ವರ್ಷಗಳಿಗೆ ಮೇಲ್ಪಟ್ಟು, ಮೂಲರೂಪದಲ್ಲಿಯೇ ಉಳಿದಿರುವ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕೊಡುವ ನಿಯಮಗಳು ೨೦೨೧ರಲ್ಲಿ ಬಂದಿವೆ. ಇಂಥವನ್ನು ನಿತ್ಯದ ಓಡಾಟಕ್ಕೂ ಬಾಡಿಗೆಗೂ ಉಪಯೋಗಿಸುವಂತಿಲ್ಲ.

೮. ಮುಖಂಡರಲ್ಲಿ ವಿಜ್ಞಾಪನೆ

ಊರಿಗೆ ಒಂದಾದರೂ ಒಳ್ಳೆಯ ಜಾಕು, ನಾಲ್ಕು ಸ್ಟ್ಯಾಂಡು, ಒಂದು ಜೊತೆ ಪಾನಾ ಮತ್ತು ಬೆಂಕಿಯಾರಿಸುವ ಸಾಧನ ಇವುಗಳನ್ನು ಕೆಲವರು ಭೂಮಾಲೀಕರು ಸೇರಿ ಕೊಂಡಿಟ್ಟರೆ ಎಲ್ಲರಿಗೂ ಉಪಯೋಗವಾಗುವುದು. ಯಂತ್ರದಲ್ಲಿ ಆಸಕ್ತಿಯುಳ್ಳ ತರುಣನನ್ನು ಕೈಗಾರಿಕಾ ತರಬೇತಿ ಸಂಸ್ಥೆಯ ಡೀಸೆಲ್ ಮೆಕ್ಯಾನಿಕ್ ಶಿಕ್ಷಣಕ್ಕೆ ಕಳುಹಿಸಿದರೆ, ಅವನ ಹವ್ಯಾಸವೇ ಊರಿಗೆ ಆಸರೆಯಾಗುವುದು. ಮುಂಗಾರಿಗೆ ಒಂದು ತಿಂಗಳು ಮೊದಲೇ ಎಲ್ಲ ಯಂತ್ರಗಳನ್ನೂ ಹೊರಗೆ ತೆಗೆದು ಮೇಲೆ ಹೇಳಿದ ಕ್ರಮದಲ್ಲಿ ಪರೀಕ್ಷಿಸುವ ರೂಢಿಯನ್ನು ಹಾಕಿಕೊಂಡರೆ, ಹದ ಬಂದ ದಿನ ಯಾರೂ ಪೇಟೆಯ ದಾರಿಯನ್ನು ಕಾಯಬೇಕಾಗಿಲ್ಲ. ಮನೆಯ ಮಗನು ವಾಹನದ ಅಡಿಗೆ ಇಳಿಯುವ ಮುನ್ನ ಸ್ಟ್ಯಾಂಡುಗಳು ಇವೆಯೇ ಎಂದು ಹಿರಿಯರು ಒಮ್ಮೆ ಕೇಳುವುದನ್ನು ಮಾತ್ರ ಮರೆಯಬಾರದು.