'ಹಸಿರು' ವಿಧಾನದ ಪೂರ್ಣ ಲೆಕ್ಕ: ಸೂಕ್ಷ್ಮ ಪಾಚಿ ಉದ್ದಿಮೆಗೊಂದು ಪಾಠ

ಸ್ಪಿರುಲಿನಾದಿಂದ ಫೈಕೋಸಯನಿನ್ ಎಂಬ ನೀಲಿ ಬಣ್ಣ, ಹೆಮಟೋಕಾಕಸ್‌ನಿಂದ ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣ, ಡುನಾಲಿಯೆಲ್ಲಾದಿಂದ ಬೀಟಾ ಕ್ಯಾರೊಟಿನ್ ದೊರೆಯುತ್ತವೆ. ಇಂತಹ ಪದಾರ್ಥಗಳನ್ನು 'ಹಸಿರು ವಿಧಾನದಿಂದ ತೆಗೆದದ್ದು' ಎಂದು ಹೇಳಿ ಮಾರುವುದುಂಟು. ಈ ಮಾತಿನ ಹಿಂದಿರುವ ಲೆಕ್ಕವನ್ನು ತಯಾರಕರೂ ವರ್ತಕರೂ ಅರಿತಿರುವುದು ಅವಶ್ಯ.

ಹೆಕ್ಸೇನ್ ಪೆಟ್ರೋಲಿಯಂ ಮೂಲದ ದ್ರಾವಕ. ಬೇಗ ಹೊತ್ತಿಕೊಳ್ಳುವಂಥದು, ನರಮಂಡಲಕ್ಕೆ ಹಾನಿಕರ. ಇದಕ್ಕೆ ಬದಲಾಗಿ 31 ಡಿಗ್ರಿ ಸೆಲ್ಸಿಯಸ್ ಹಾಗೂ 74 ಬಾರ್ ಒತ್ತಡವನ್ನು ಮೀರಿದ ಸ್ಥಿತಿಯಲ್ಲಿ ಇಂಗಾಲದ ಡೈಆಕ್ಸೈಡನ್ನೇ ದ್ರಾವಕವಾಗಿ ಬಳಸಬಹುದು. ಸರಕಿನಲ್ಲಿ ದ್ರಾವಕದ ಶೇಷ ಉಳಿಯುವುದಿಲ್ಲ, ಅನಿಲವನ್ನು ಮರುಬಳಸಬಹುದು. ಆದರೆ ಒತ್ತಡವೇರಿಸಲು ವಿದ್ಯುತ್ ಬೇಕು. ಪಾಚಿಯನ್ನೂ ಸಾಮಾನ್ಯವಾಗಿ ಮೊದಲು ಒಣಗಿಸಬೇಕು.

ನಿಜವಾದ ಖರ್ಚು ಇರುವುದು ಇಲ್ಲಿಯೇ. ಶೇ. 20ರಷ್ಟು ಘನಾಂಶವುಳ್ಳ ಹಸಿ ಪಾಚಿಯಿಂದ 1 ಕೆ.ಜಿ. ಪುಡಿ ಪಡೆಯಲು 4 ಕೆ.ಜಿ. ನೀರನ್ನು ಆವಿಯಾಗಿಸಬೇಕು. ಇದಕ್ಕೆ ಕನಿಷ್ಠ 2.5 ಯೂನಿಟ್ ಶಕ್ತಿ ತಗಲುತ್ತದೆ. ಯಂತ್ರದ ನಷ್ಟ ಬೇರೆ. ಉದಾಹರಣೆಗೆ, ಪುಡಿಯಲ್ಲಿ ಶೇ. 2ರಷ್ಟು ಅಸ್ಟಾಕ್ಸಾಂಥಿನ್ ಇದ್ದು, ಅದೆಲ್ಲವೂ ಕೈಗೆ ಬಂದಿತೆಂದು ಭಾವಿಸೋಣ. 1 ಕೆ.ಜಿ. ಬಣ್ಣಕ್ಕೆ 50 ಕೆ.ಜಿ. ಪುಡಿ, ಅಂದರೆ 125 ಯೂನಿಟ್ ಬೇಕು. ಅರ್ಧದಷ್ಟೇ ಕೈಗೆ ಬಂದರೆ 250 ಯೂನಿಟ್ ಆಗುತ್ತದೆ. ನಮ್ಮ ದೇಶದ ಗ್ರಿಡ್ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ಮೊದಲನೆಯದಕ್ಕೆ ಸುಮಾರು 88 ಕೆ.ಜಿ., ಎರಡನೆಯದಕ್ಕೆ 175 ಕೆ.ಜಿ. ಆಯಿತು. ದ್ರಾವಕವು ಎಷ್ಟೇ ಶುದ್ಧವಾಗಿದ್ದರೂ ಇಳುವರಿ ಕುಸಿದರೆ ಪರಿಸರದ ಹೊರೆ ಏರುತ್ತದೆ.

ಇದಕ್ಕೆ ಪರಿಹಾರಗಳೂ ಇವೆ. ಫೈಕೋಸಯನಿನ್ ನೀರಿನಲ್ಲಿ ಕರಗುವುದರಿಂದ ಹಸಿ ಪಾಚಿಯಿಂದಲೇ ಅದನ್ನು ತೆಗೆಯಬಹುದು. ಮೊದಲು ಒಣಗಿಸುವ ಖರ್ಚು ತಪ್ಪುತ್ತದೆ. ಬಿಸಿಲನ್ನು ಬಳಸಿ ಒಣಗಿಸುವುದು, ಕೊಳದ ನೀರನ್ನು ಮತ್ತೆ ಬಳಸುವುದು, ಉಳಿದ ಹಿಂಡಿಯನ್ನು ಪರೀಕ್ಷಿಸಿ ಪಶು ಆಹಾರಕ್ಕೋ ಗೊಬ್ಬರಕ್ಕೋ ಮಾರುವುದು ಸಹ ಹೊರೆಯನ್ನು ತಗ್ಗಿಸುತ್ತವೆ.

ಇದು ಕೇವಲ ಧರ್ಮದ ಪ್ರಶ್ನೆಯಲ್ಲ, ಕಾನೂನಿನದೂ ಹೌದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 'ಪರಿಸರ ಸ್ನೇಹಿ' ಮುಂತಾದ ಮಾತುಗಳಿಗೆ ಪರಿಶೀಲಿಸಬಹುದಾದ ಪುರಾವೆ ಇರಬೇಕು. ಆ ಮಾತು ಇಡೀ ಸರಕಿಗೋ, ತಯಾರಿಕೆಗೋ, ಹೊದಿಕೆಗೋ ಅನ್ವಯಿಸುತ್ತದೆಂಬುದನ್ನೂ ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದಲ್ಲಿ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಜಾಹೀರಾತನ್ನು ನಿಲ್ಲಿಸುವಂತೆ ವರ್ತಕರಿಗೂ ಆದೇಶ ಬರಬಹುದು.

ಆದುದರಿಂದ ಪ್ರತಿ ತಂಡದ ತಯಾರಿಕೆಗೂ ಈ ಐದು ಅಂಕಿಗಳನ್ನು ದಾಖಲಿಸಿಡಿ:

1. ಬಳಸಿದ ಪಾಚಿಯ ತೂಕ
2. ಒಣಗಿಸಲು ಹಾಗೂ ಸಾರ ತೆಗೆಯಲು ತಗಲಿದ ಯೂನಿಟ್
3. ದ್ರಾವಕದ ನಷ್ಟ
4. ಹೊರಬಿಟ್ಟ ನೀರು
5. ದೊರೆತ ಶುದ್ಧ ಪದಾರ್ಥ

ವ್ಯಾಪಾರಿಗಳು ಸರಕು ಕೊಳ್ಳುವ ಮುನ್ನ ಇವನ್ನೇ ಕೇಳಿ ಪಡೆಯಬೇಕು. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಪುಸ್ತಕವನ್ನು ಯಾವ ಲೆಕ್ಕ ಪರಿಶೋಧಕನೂ ಒಪ್ಪುವುದಿಲ್ಲ. 'ಹಸಿರು' ಎಂಬ ಹೇಳಿಕೆಗೂ ಇದೇ ನಿಯಮ ಅನ್ವಯಿಸುತ್ತದೆ.